ಐಸ್‌ಕ್ಯೂಬ್ ಡೇಟಾದಲ್ಲಿ ನ್ಯೂಟ್ರಿನೊ ಫ್ಲೇರ್ ಹಿಡಿದ ಬಗೆ

ಐಸ್‌ಕ್ಯೂಬ್ ಅಂದರೆ ದಕ್ಷಿಣ ಧ್ರುವದ ಮಂಜುಗಡ್ಡೆಯೊಳಗಿನ ಡಿಟೆಕ್ಟರ್; ಯಾವುದನ್ನೂ ಸುಲಭವಾಗಿ ತಾಕದ ನ್ಯೂಟ್ರಿನೊ ಕಣಗಳನ್ನು ಹಿಡಿಯುತ್ತದೆ. ಒಂದೇ ಮೂಲದಿಂದ ಕೆಲಕಾಲ ಅವು ಹೆಚ್ಚಾಗಿ ಬಂದರೆ ಅದು ಫ್ಲೇರ್. ಮನೆಯ ಡೆಸ್ಕ್‌ಟಾಪ್‌ನಲ್ಲಿ ಅದನ್ನು ಹುಡುಕೋದು ಆಗಲ್ಲ ಅಂತ ಬಲ್ಲವರೇ ಹೇಳಿದ್ದರು. ಆಯಿತು. ಟಿಎಕ್ಸ್‌ಎಸ್ 0506+056 ಅನ್ನೋ ಬ್ಲೇಜಾರ್‌ನ (ಕಪ್ಪುಕುಳಿಯ ಜೆಟ್ ನಮ್ಮತ್ತ ತಿರುಗಿರುವ ಗ್ಯಾಲಕ್ಸಿ) 2014-15ರ ಫ್ಲೇರ್ ಸಾರ್ವಜನಿಕ ಡೇಟಾದಲ್ಲೇ ಸಿಕ್ಕಿತು. 2008ರಿಂದ 2018ರವರೆಗಿನ ಟ್ರ್ಯಾಕ್‌ಗಳು (ಡಿಟೆಕ್ಟರ್‌ನಲ್ಲಿ ಉದ್ದ ಗೆರೆಯಂತೆ ಕಾಣುವ ಘಟನೆಗಳು), ಸುಮಾರು 11 ಲಕ್ಷ ಘಟನೆಗಳು. ಬಹುಪಾಲು ವಾತಾವರಣದಲ್ಲಿ ಹುಟ್ಟಿದವೇ.

ಮೊದಲು ಎಲ್ಲರಂತೆ ಬಾಕ್ಸ್ ವಿಂಡೋ, ಅಂದರೆ ಇಂತಿಷ್ಟು ದಿನದ ಚೌಕಟ್ಟು, ಕಾಲದುದ್ದಕ್ಕೂ ಜಾರಿಸಿ ನೋಡಿದೆ. ಎರಡು ಘಟನೆ ಒಂದರ ಬೆನ್ನಿಗೆ ಒಂದು ಬಂದರೆ ಸಾಕು, ಅದೇ ದೊಡ್ಡ ಫ್ಲೇರ್ ಅನ್ನುತ್ತದೆ ಫಿಟ್. ಚಿಕ್ಕ ವಿಂಡೋಗಳಿಗೆ ದಂಡ ಹಾಕಿದೆ. ಆ ಕಾಟ ತಪ್ಪಿತು, ಆದರೆ ಸ್ಕ್ರ್ಯಾಂಬಲ್‌ಗಳು (ಘಟನೆಗಳ ಸಮಯ ಕಲಸಿ, ಆಕಸ್ಮಿಕವಾಗಿ ಎಷ್ಟು ಸಲ ಹೀಗಾಗುತ್ತದೆ ಅಂತ ನೋಡುವ ಓಟಗಳು) ಮುಗಿಯಲೇ ಇಲ್ಲ. ಕ್ಲೌಡ್ ಬಾಡಿಗೆಗೇ 30-35 ಸಾವಿರ ರೂಪಾಯಿ ಹೋಯಿತು. ಮನೆಯಲ್ಲಿ ಬೈಗುಳವೂ ಬಿತ್ತು.

ಆಮೇಲೆ ಎಕ್ಸ್‌ಪೆಕ್ಟೇಶನ್-ಮ್ಯಾಕ್ಸಿಮೈಸೇಶನ್ ಅನ್ನೋ, ಸುತ್ತು ಸುತ್ತಾಗಿ ಅಂದಾಜು ತಿದ್ದುವ ವಿಧಾನಕ್ಕೆ ಬದಲಾಯಿಸಿದೆ. ದಿಕ್ಕು, ಶಕ್ತಿ ನೋಡಿ ಪ್ರತಿ ಘಟನೆಗೂ ಒಂದು ತೂಕ, ಅಂದರೆ ಅದು ಫ್ಲೇರ್‌ನದೇ ಆಗಿರುವ ಸಾಧ್ಯತೆ. ಆ ತೂಕದಿಂದ ಗಾಸಿಯನ್‌ನ (ಕಾಲದಲ್ಲಿ ಫ್ಲೇರ್ ತೋರಿಸುವ ಗಂಟೆಯಾಕಾರದ ರೇಖೆ) ನಡು ಮತ್ತು ಅಗಲ. ಅದರಿಂದ ಮತ್ತೆ ಹೊಸ ತೂಕ. ಇಪ್ಪತ್ತು-ಮೂವತ್ತು ಸುತ್ತಿಗೆ ನಿಂತುಬಿಡುತ್ತದೆ. ಒಂದು ಸ್ಕ್ರ್ಯಾಂಬಲ್‌ಗೆ ನಿಮಿಷಗಟ್ಟಲೆ ಹಿಡಿಯುತ್ತಿತ್ತು, ಈಗ ಸೆಕೆಂಡೂ ಬೇಡ. ಕ್ಲೌಡ್ ಬಿಟ್ಟೆ. ಎಸ್‌ಪಿ ರೋಡ್‌ನಲ್ಲಿ ನಾಲ್ಕೈದು ಸಾವಿರಕ್ಕೆ ಸೆಕೆಂಡ್‌ಹ್ಯಾಂಡ್ ರ್‍ಯಾಮ್ ತಂದು ಹಾಕಿದೆ, ಅಷ್ಟೇ ಖರ್ಚು.

ಒಂದು ಮಾತು: ಡಿಟೆಕ್ಟರ್ ಯಾವಾಗ ಓಡುತ್ತಿತ್ತು ಅಂತ ಹೇಳುವ ಅಪ್‌ಟೈಮ್ ಫೈಲ್ ಬಿಟ್ಟು ಸ್ಕ್ರ್ಯಾಂಬಲ್ ಮಾಡಬೇಡಿ. ಡಿಟೆಕ್ಟರ್ ನಿಂತಿದ್ದ ಹೊತ್ತಿನಲ್ಲೂ ಘಟನೆ ಬಿದ್ದು ಹಿನ್ನೆಲೆ ಕೆಡುತ್ತದೆ. ಶುರುವಿನ ಅಗಲ ಎಷ್ಟಿಡುತ್ತೇನೆ, ಸಿಕ್ಕಿಕೊಂಡ ಫಿಟ್ ಹೇಗೆ ಬಿಡಿಸುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡು ಬಂದದ್ದು 2014ರ ಡಿಸೆಂಬರ್ ಮಧ್ಯಕ್ಕೆ, ಅಗಲ ನೂರು ದಿನದ ಆಸುಪಾಸು. ಐಸ್‌ಕ್ಯೂಬ್ ತಂಡ 2018ರಲ್ಲಿ ಹೇಳಿದ್ದೂ ಅದೇ: ಸುಮಾರು 110 ದಿನ, ಹಿನ್ನೆಲೆಗಿಂತ 13ರಷ್ಟು ಹೆಚ್ಚು ಘಟನೆ, 3.5 ಸಿಗ್ಮಾ (ಸಿಗ್ಮಾ ಹೆಚ್ಚಿದ್ದಷ್ಟೂ ಆಕಸ್ಮಿಕವಾಗಿರುವ ಸಾಧ್ಯತೆ ಕಡಿಮೆ). ನನ್ನದು ಅಷ್ಟು ಬಲವಾಗಿಲ್ಲ. ಘಟನೆಗಳ ಹೊಸ ಆಯ್ಕೆಯಲ್ಲಿ ಕ್ಯಾಸ್ಕೇಡ್ ತರಹದ (ಗೆರೆಯಲ್ಲ, ಗುಂಡಗೆ ಹರಡಿದ ಬೆಳಕು) ಎರಡು ಘಟನೆ ಹೊರಗೆ ಹೋಗಿವೆ, ಆದ್ದರಿಂದ ಐಸ್‌ಕ್ಯೂಬ್ ತಂಡದ ಅಂಕಿಯೂ ಇಳಿದಿದೆ. ಆದರೆ ತಾರೀಖು ಹೇಳಿಕೊಡದೆಯೇ ಕೋಡ್ ಅಲ್ಲಿಗೇ ಹೋಯಿತಲ್ಲ, ನನಗೆ ಬೇಕಿದ್ದದ್ದು ಅದು.

ಸುಮ್ನೆ ಕುತೂಹಲಕ್ಕೆ ಎನ್‌ಜಿಸಿ 1068 ಅನ್ನೋ ಗ್ಯಾಲಕ್ಸಿಯ ಮೇಲೂ ಓಡಿಸಿದೆ. ಗಾಸಿಯನ್ ಹಿಗ್ಗಿ ಹಿಗ್ಗಿ ವರ್ಷಗಟ್ಟಲೆ ಹರಡಿತು. ಫ್ಲೇರ್ ಇಲ್ಲದೆ ಒಂದೇ ಸಮ ನ್ಯೂಟ್ರಿನೊ ಕಳಿಸುವ ಸ್ಥಿರ ಮೂಲ ಹಾಗೇ ಕಾಣಬೇಕು ಅಲ್ವಾ? ಇದನ್ನು ನೋಡಿದ ಮೇಲೆ ಸಂಶಯ ಪಡುತ್ತಿದ್ದ ಗೆಳೆಯರೊಬ್ಬರು ಕೋಡ್ ಕೇಳಿ ಪಡೆದರು.

ಈಗ ಹಳೇ ಅಲರ್ಟ್‌ಗಳ (ಹೆಚ್ಚು ಶಕ್ತಿಯ ನ್ಯೂಟ್ರಿನೊ ಬಂದಾಗ ಐಸ್‌ಕ್ಯೂಬ್ ಕೊಡುವ ಸೂಚನೆ) ದಿಕ್ಕಿನಲ್ಲಿ ಹುಡುಕುತ್ತಿದ್ದೇನೆ. ಒಂದೊಂದರ ಅನಿಶ್ಚಿತ ಪ್ರದೇಶವೂ ದೊಡ್ಡದು, 0.2 ಡಿಗ್ರಿ ಗ್ರಿಡ್ ಹಾಕಿದರೂ ಒಂದು ಅಲರ್ಟ್‌ಗೆ ಎರಡು ರಾತ್ರಿ ಬೇಕು.