ಹಳೆಯ ಬ್ಯಾಟರಿಯನ್ನು ಮರುಬಳಕೆಗೆ ಕಳಿಸುವ ಮುನ್ನ

ಲ್ಯಾಪ್‌ಟಾಪಿನಿಂದ ಬಿಚ್ಚಿದ ಬ್ಯಾಟರಿ ಪ್ಯಾಕಿಗೆ ಮಲ್ಟಿಮೀಟರ್ ಹಿಡಿದಾಗ ಸೊನ್ನೆ ತೋರಿಸಿದರೂ ಅದು ಖಾಲಿಯಾಗಿದೆ ಎಂದು ನಾನು ನಂಬುವುದಿಲ್ಲ. ಎಷ್ಟೋ ಸಲ ಒಳಗಿನ ರಕ್ಷಣಾ ಸರ್ಕ್ಯೂಟ್ ಹೊರದಾರಿಯನ್ನು ಮುಚ್ಚಿರುತ್ತದೆ, ಅಷ್ಟೆ. ಒಂದೊಂದು ಸೆಲ್‌ನಲ್ಲೂ 3 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು. ಹಾಗಾಗಿ ಯಾವ ಲಿಥಿಯಂ ಬ್ಯಾಟರಿಯನ್ನಾದರೂ ಚಾರ್ಜ್ ತುಂಬಿದ್ದೆಂದೇ ತಿಳಿದು ಮುಟ್ಟುತ್ತೇನೆ.

ಮೊದಲು ಹೊದಿಕೆಯ ಮೇಲಿನ ಬರಹ ಓದಿ ಬೇರೆ ಬೇರೆ ಮಾಡಬೇಕು: ಲಿಥಿಯಂ, ನಿಕಲ್, ಆಲ್ಕಲೈನ್, ಸೀಸದ ಬ್ಯಾಟರಿ. ಇಲ್ಲಿ ಸೋಮಾರಿತನ ಸಲ್ಲದು. ಸೀಸದ ಬ್ಯಾಟರಿಗಳ ರಾಶಿಯಲ್ಲಿ ಒಂದು ಲಿಥಿಯಂ ಪ್ಯಾಕ್ ಸೇರಿಹೋದರೆ, ಪುಡಿ ಮಾಡುವ ಯಂತ್ರದಲ್ಲೋ ಕುಲುಮೆಯಲ್ಲೋ ಅದು ಸಿಡಿಯಬಹುದು. ಪೆಟ್ಟು ಬೀಳುವುದು ಅಲ್ಲಿ ದುಡಿಯುವವರಿಗೆ.

ಆಮೇಲೆ ಟೇಪ್. ಎರಡೂ ತುದಿಗಳಿಗೆ ಇನ್ಸುಲೇಷನ್ ಟೇಪ್ ಅಂಟಿಸುತ್ತೇನೆ, ಬರಹ ಮುಚ್ಚದಂತೆ. 9 ವೋಲ್ಟಿನ ಚೌಕ ಬ್ಯಾಟರಿಯ ಎರಡೂ ತುದಿ ಒಂದೇ ಕಡೆ ಇರುವುದರಿಂದ ಒಂದು ನಾಣ್ಯ ತಾಗಿದರೂ ಶಾರ್ಟ್ ಆಗುತ್ತದೆ. ಗುಂಡಿ ಸೆಲ್‌ಗಳನ್ನು ಅಗಲ ಟೇಪಿನ ಎರಡು ಪಟ್ಟಿಗಳ ನಡುವೆ ಬಿಡಿಬಿಡಿಯಾಗಿ ಇಡಬೇಕು. ಪ್ಯಾಕಿನ ತಂತಿಗಳನ್ನು ಒಂದೊಂದಾಗಿ ಕತ್ತರಿಸಿ, ಮೊದಲನೆಯದಕ್ಕೆ ಟೇಪ್ ಸುತ್ತಿದ ಮೇಲೆಯೇ ಎರಡನೆಯದಕ್ಕೆ ಕೈ ಹಾಕಬೇಕು. ಎರಡನ್ನೂ ಒಟ್ಟಿಗೆ ಹಿಡಿದರೆ ಕಟ್ಟರ್‌ನ ಬಾಯೇ ಶಾರ್ಟ್ ಮಾಡುತ್ತದೆ.

ಇನ್ನು ಉಳಿದ ಚಾರ್ಜ್ ಇಳಿಸುವ ಕೆಲಸ. ಫೋನಾದರೆ ಚಾರ್ಜ್ 25 ಶೇಕಡಾಕ್ಕಿಂತ ಕೆಳಗಿಳಿಯುವವರೆಗೆ ಬಳಸಿದರೆ ಸಾಕು. ಬಿಡಿಯಾಗಿ ಸಿಕ್ಕ 18650 ಸೆಲ್‌ಗೆ (ಕೊಳವೆಯಾಕಾರದ ಲಿಥಿಯಂ ಸೆಲ್) 10 ಓಮ್, 5 ವಾಟ್ ರೆಸಿಸ್ಟರ್ ಜೋಡಿಸುತ್ತೇನೆ. 4.2 ವೋಲ್ಟ್ ಇದ್ದರೆ ಆರಂಭದಲ್ಲಿ 0.42 ಆಂಪಿಯರ್ ಹರಿಯುತ್ತದೆ. 2000 ಎಂಎಎಚ್ ಸಾಮರ್ಥ್ಯದ ತುಂಬಿದ ಸೆಲ್ ಇಳಿಯಲು ಐದು ಗಂಟೆಗೂ ಮೀರಿ ಬೇಕು. ರೆಸಿಸ್ಟರ್ ಚೆನ್ನಾಗಿ ಕಾಯುವುದರಿಂದ ಅದು ಸೆರಾಮಿಕ್ ಹೆಂಚಿನ ಮೇಲಿರಲಿ, ಹತ್ತಿರ ಯಾರಾದರೂ ಇರಲಿ. 3 ವೋಲ್ಟಿಗೆ ನಿಲ್ಲಿಸುತ್ತೇನೆ. ರೆಸಿಸ್ಟರ್ ಬಿಡಿಸಿದ ಮೇಲೆ ವೋಲ್ಟೇಜ್ ತುಸು ಮೇಲೇರುವುದು ಸಹಜ. ತಗ್ಗು ಬಿದ್ದ, ಸೋರಿದ ಸೆಲ್‌ಗೆ ಇದನ್ನು ಮಾಡುವುದೇ ಇಲ್ಲ.

ಉಪ್ಪುನೀರಿನಲ್ಲಿ ಮುಳುಗಿಸಿ ಖಾಲಿ ಮಾಡುವ ಪದ್ಧತಿಯನ್ನು ದಯವಿಟ್ಟು ಬಿಡಿ. ಧನ ತುದಿ ಬೇಗ ಕೊರೆದುಹೋಗಿ ಸಂಪರ್ಕ ಕಡಿದರೆ, ಒಳಗಿನ ಚಾರ್ಜ್ ಹಾಗೆಯೇ ಉಳಿಯುತ್ತದೆ. ಸೀಲ್ ತೂತಾದರೆ ಎಲೆಕ್ಟ್ರೊಲೈಟ್ (ಸೆಲ್ಲಿನೊಳಗಿನ ರಾಸಾಯನಿಕ ದ್ರವ) ಸೋರಿ ಆ ನೀರೇ ವಿಷವಾಗುತ್ತದೆ.

ಉಬ್ಬಿದ ಬ್ಯಾಟರಿಯದು ಬೇರೆಯೇ ಲೆಕ್ಕ. ಎಲೆಕ್ಟ್ರೊಲೈಟ್ ಒಡೆದು ಹುಟ್ಟಿದ ಅನಿಲ ಅದು. ಸೂಜಿ ಚುಚ್ಚುವುದು, ಒತ್ತುವುದು, ಮತ್ತೆ ಚಾರ್ಜ್ ಮಾಡಿ ನೋಡುವುದು ಯಾವುದೂ ಬೇಡ. ಅಂಟು ಹಾಕಿ ಕೂರಿಸಿದ್ದರೆ ಕೀಳುವುದಿಲ್ಲ, ಸಾಧನವನ್ನು ಇಡಿಯಾಗಿಯೇ ಕಳಿಸುತ್ತೇನೆ. ತುದಿಗಳಿಗೆ ಟೇಪ್ ಹಚ್ಚಿ, ಲೋಹದ ಡಬ್ಬಿಯಲ್ಲಿ ಕೆಳಗೂ ಮೇಲೂ ಒಣಮರಳು ಹಾಕಿ, ಅನಿಲ ಹೊರಹೋಗುವಂತೆ ಮುಚ್ಚಳವನ್ನು ಸಡಿಲವಾಗಿ ಇಡುತ್ತೇನೆ. ಡಬ್ಬಿಗೆ ಒಂದೇ ಬ್ಯಾಟರಿ. ಜಾಗ ಬಿಸಿಲಿಲ್ಲದ ಹೊರಾಂಗಣ.

ಫೋನ್ ಕೊಡುವ ಮೊದಲು ಖಾತೆಯಿಂದ ಹೊರಬಂದು ಆಮೇಲೆ ರೀಸೆಟ್ ಮಾಡಿ. ಖಾತೆಯ ಬೀಗ ಉಳಿದರೆ, ಇನ್ನೂ ಓಡಬಲ್ಲ ಫೋನೂ ಬಿಡಿಭಾಗಗಳ ಪಾಲಾಗುತ್ತದೆ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಯನ್ನು ಬಿಚ್ಚಲೇಬೇಡಿ: ಗಾಜಿನಲ್ಲಿ ಸೀಸವಿದೆ, ಒಳಗೆ ನಿರ್ವಾತವಿದೆ.

ಒಯ್ಯುವವರನ್ನು ನಾನು ತಪ್ಪದೆ ಕೇಳುವುದು ಎರಡು ಪ್ರಶ್ನೆ: ತಂತಿಯ ತಾಮ್ರವನ್ನು ಹೇಗೆ ತೆಗೆಯುತ್ತೀರಿ, ಸರ್ಕ್ಯೂಟ್ ಬೋರ್ಡ್ ಯಾರಿಗೆ ಹೋಗುತ್ತದೆ? ತಂತಿಯ ಪಿವಿಸಿ ಪ್ಲಾಸ್ಟಿಕ್ ಹೊದಿಕೆ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಏಳುತ್ತದೆ. ‘ಸುಡುತ್ತೇವೆ’ ಎಂದವರಿಗೆ ಒಂದು ಚಾರ್ಜರನ್ನೂ ಕೊಡುವುದಿಲ್ಲ.