ಪಿಕಪ್‌ನ ಮೂತಿ ಎತ್ತಲು ಹೋಗಿ ನಾನು ಕಲಿತದ್ದು

ನನ್ನ ಪಿಕಪ್‌ನ ಶಾಕ್‌ಗಳು, ಅಂದರೆ ಚಕ್ರದ ಕುಣಿತ ತಡೆಯುವ ಎಣ್ಣೆ ತುಂಬಿದ ಕೊಳವೆಗಳು, ಮುಗಿದಿವೆ ಅಂತ ಮೊದಲು ಹೇಳಿದ್ದು ಟೈರು. ಮುಂದಿನ ಟೈರಿನ ಮೇಲೆ ಅಂಗೈ ಆಡಿಸಿದರೆ ಒಂದು ಕಡೆ ಉಬ್ಬು, ಪಕ್ಕದಲ್ಲೇ ತಗ್ಗು. ಚಕ್ರ ನೆಲಕ್ಕೆ ಕಚ್ಚಿಕೊಳ್ಳದೆ ಕುಣಿಯುತ್ತಿತ್ತು. ಕೆಳಗೆ ತೂರಿ ನೋಡಿದೆ. ಎಣ್ಣೆ ಸೋರಿ, ಅದಕ್ಕೆ ಧೂಳು ಮೆತ್ತಿ, ಶಾಕ್‌ನ ಮೈಯೆಲ್ಲ ಕಪ್ಪಗಾಗಿತ್ತು. ತೆಳ್ಳಗೆ ಪಸೆ ಇದ್ದರೆ ಚಿಂತೆ ಇಲ್ಲ. ಹೀಗೆ ಧಾರೆಯಾಗಿ ಇಳಿದಿದ್ದರೆ ಸೀಲ್ ಹೋಗಿದೆ ಅಂತಲೇ ಲೆಕ್ಕ.

ಹೇಗೂ ಬಿಚ್ಚುತ್ತೇನಲ್ಲ, ಮುಂಭಾಗವನ್ನೂ ಎತ್ತಿಬಿಡೋಣ ಅನ್ನಿಸಿತು. ಖಾಲಿ ಪಿಕಪ್ ಸಾಮಾನ್ಯವಾಗಿ ನೆಲ ಮೂಸುವ ನಾಯಿ ಥರ ನಿಂತಿರುತ್ತದೆ, ಹಿಂದೆ ಎತ್ತರ, ಮುಂದೆ ತಗ್ಗು. ಲೋಡ್ ಬಿದ್ದಾಗ ಸಮ ಆಗಲಿ ಅಂತ ಕಂಪನಿಯವರು ಬೇಕಂತಲೇ ಹಾಗೆ ಮಾಡಿರುತ್ತಾರೆ. ಇದು ನನಗೆ ಗೊತ್ತಿತ್ತು. ಆದರೂ ನೋಟದ ಆಸೆಗೆ ಬಿದ್ದೆ.

ಮುಂದಿನ ಸ್ಟ್ರಟ್‌ನ (ಶಾಕ್ ಮತ್ತು ಸ್ಪ್ರಿಂಗ್ ಒಟ್ಟಿಗೆ ಇರುವ ಜೋಡಣೆ) ತಲೆ ಮೇಲೆ ಕೂರುವ ಸ್ಪೇಸರ್ ಬಿಲ್ಲೆ ತಂದು ಹಾಕಿಸಿದೆ. ಸ್ಟ್ರಟ್‌ನ ಕಾಲು ಕೂರುವುದು ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್‌ನ (ತೋಳಿನ) ನಡುವೆಲ್ಲೋ, ಚಕ್ರ ಇರುವುದು ಅದರ ತುದಿಗೆ. ಹಾಗಾಗಿ 1 ಇಂಚು ದಪ್ಪದ ಬಿಲ್ಲೆ ಹಾಕಿದರೆ ಗಾಡಿ ಹೆಚ್ಚುಕಡಿಮೆ 2 ಇಂಚು ಏಳುತ್ತದೆ. ಬಿಲ್ಲೆಯ ದಪ್ಪವನ್ನೇ ಎತ್ತರ ಅಂದುಕೊಂಡು ತಂದವರು ಕೆಟ್ಟರು! ನಾನು ಲೆಕ್ಕ ಹಾಕಿಯೇ ತಂದಿದ್ದೆ. 2.5 ಇಂಚು ಎದ್ದು ಗಾಡಿ ಗೆರೆ ಎಳೆದಂತೆ ಸಮ ನಿಂತಿತು. ಎರಡು ದಿನ ಅದನ್ನೇ ನೋಡುತ್ತಾ ಓಡಾಡಿದೆ.

ಮೂರನೇ ದಿನ ಲೋಡ್ ಹಾಕಿದೆ. ಹಿಂಭಾಗ ಕುಸಿಯಿತು, ಮೂತಿ ಆಕಾಶ ನೋಡಿತು. ರಾತ್ರಿ ಎದುರು ಬಂದವರೆಲ್ಲ ನನಗೆ ಲೈಟ್ ಹೊಡೆದು ಬೈದಂತೆ ಹೋದರು. ನನ್ನದು ಡಿಮ್‌ನಲ್ಲೇ ಇತ್ತು, ಆದರೆ ಬೆಳಕು ನೇರ ಅವರ ಕಣ್ಣಿಗೆ. ಸ್ಟೀರಿಂಗ್ ಕೂಡ ತಿರುವಿನ ನಂತರ ತಾನಾಗಿ ಹಿಂದಕ್ಕೆ ಬರುತ್ತಿರಲಿಲ್ಲ. ಮೂತಿ ಎತ್ತಿದರೆ ಕ್ಯಾಸ್ಟರ್, ಅಂದರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವಂತೆ ಮಾಡುವ ಸ್ಟೀರಿಂಗ್ ಅಕ್ಷದ ಓರೆ, ಕಡಿಮೆಯಾಗುತ್ತದೆ, ಅಲೈನ್‌ಮೆಂಟ್ ಮಾಡಿಸಲೇಬೇಕು. ನಾನು ಆಮೇಲೆ ಮಾಡಿಸಿದರಾಯಿತು ಅಂತ ಬಿಟ್ಟಿದ್ದೆ.

ಬಿಲ್ಲೆ ಕಿತ್ತೆಸೆದು, ಈ ಸಲ ಟೇಪ್ ಹಿಡಿದು ಕೂತೆ. ಸಮ ನೆಲ, ಟೈರಲ್ಲಿ ಸರಿಯಾದ ಗಾಳಿ. ನಾಲ್ಕೂ ಕಡೆ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದೆ. ಒಮ್ಮೆ ಖಾಲಿ, ಒಮ್ಮೆ ನಾನು ದಿನಾ ಹೊರುವ ಲೋಡ್ ಇಟ್ಟು. ಲೋಡ್‌ಗೆ ಹಿಂಭಾಗ ಪೂರಾ 2 ಇಂಚು ಇಳಿಯುತ್ತಿತ್ತು. ಶಾಕ್ ಬದಲಿಸಿದರೆ ಈ ಕುಸಿತ ಹೋಗುತ್ತದೆ ಅಂತ ತುಂಬಾ ಜನ ನಂಬುತ್ತಾರೆ. ಹೋಗುವುದಿಲ್ಲ. ಭಾರ ಹೊರುವುದು ಸ್ಪ್ರಿಂಗ್, ಅದರ ಕುಣಿತ ತಡೆಯುವುದಷ್ಟೇ ಶಾಕ್‌ನ ಕೆಲಸ. ಹಾಗಾಗಿ ಹಿಂದಿನ ಲೀಫ್ ಸ್ಪ್ರಿಂಗ್‌ಗೆ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು) ಒಂದು ಹೆಲ್ಪರ್ ಪಟ್ಟಿ ಸೇರಿಸಿದೆ. ಖಾಲಿ ಇದ್ದಾಗ ಅದು ಸುಮ್ನೆ ಇರುತ್ತದೆ, ಭಾರ ಬಿದ್ದಾಗ ಮಾತ್ರ ಕೈಜೋಡಿಸುತ್ತದೆ.

ಶಾಕ್‌ಗೆ ನಾಲ್ಕೂ ಮಾನೋಟ್ಯೂಬ್, ಅಂದರೆ ಒಂದೇ ಕೊಳವೆಯವು, ಆರಿಸಿದೆ. ಹಳೆಯವು ಟ್ವಿನ್‌ಟ್ಯೂಬ್, ಕೊಳವೆಯೊಳಗೆ ಕೊಳವೆ. ಗರಗಸದಂಥ ಮಣ್ಣು ರಸ್ತೆಯಲ್ಲಿ ಜಾಸ್ತಿ ಹೊತ್ತು ಓಡಿಸಿದರೆ ಅದರ ಎಣ್ಣೆ ಬಿಸಿಯಾಗಿ ನೊರೆ ಏಳುತ್ತದೆ, ಶಾಕ್ ಇದ್ದೂ ಇಲ್ಲದಂತೆ. ಮಾನೋಟ್ಯೂಬ್‌ನಲ್ಲಿ ಎಣ್ಣೆಗೂ ನೈಟ್ರೋಜನ್‌ಗೂ ನಡುವೆ ತೇಲುವ ಪಿಸ್ಟನ್ ಇರುತ್ತದೆ, ಎರಡೂ ಬೆರೆಯುವುದಿಲ್ಲ. ಒಂದೇ ಗೋಡೆ, ಬಿಸಿಯೂ ಬೇಗ ಆರುತ್ತದೆ. ಆದರೆ ಆ ಗೋಡೆಗೆ ಕಲ್ಲು ಬಡಿದು ಆಳವಾಗಿ ತಗ್ಗಾದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳಬಹುದು.

ಮುಂದಕ್ಕೆ ಬಿಲ್‌ಸ್ಟೀನ್ ಕಂಪನಿಯ 5100 ಶಾಕ್. ಮೈಮೇಲೆ ಸಾಲಾಗಿ ಕಚ್ಚುಗಳನ್ನು ಕೊರೆದಿರುತ್ತಾರೆ, ರಿಂಗ್ ಯಾವುದರಲ್ಲಿ ಕೂರಿಸುತ್ತೇವೋ ಸ್ಪ್ರಿಂಗ್‌ನ ಪೀಠ ಅಲ್ಲಿ ನಿಲ್ಲುತ್ತದೆ. ಮೇಲೇರಿಸಿದಷ್ಟೂ ಮೂತಿ ಏಳುತ್ತದೆ, ಸವಾರಿ ಗಡುಸಾಗುತ್ತದೆ. ನಾನು ನಡುವಿನದಕ್ಕೇ ನಿಲ್ಲಿಸಿದೆ. 1.5 ಇಂಚು ಸಾಕಾಯಿತು. ಹಿಂಭಾಗ ಎತ್ತಿಲ್ಲವಾದ್ದರಿಂದ ಅಲ್ಲಿಗೆ ಕಂಪನಿ ಉದ್ದದ ಶಾಕ್ ಸಾಲುತ್ತದೆ.

ಮುಂದಿನ ಸ್ಪ್ರಿಂಗ್ ಬಿಚ್ಚುವುದನ್ನು ಮಾತ್ರ ವರ್ಕ್‌ಶಾಪಿಗೆ ಬಿಟ್ಟೆ. ಅದುಮಿದ ಸ್ಪ್ರಿಂಗ್ ಜಾರಿದರೆ ಮುಖವೇ ಹೋದೀತು. ಹಿಂದಿನದು ನಾನೇ ಹಾಕಿದೆ. ಎಡಗಡೆ ಚಕ್ರ ನೇತಾಡುತ್ತಿರುವಾಗಲೇ ಕೆಳಗಿನ ಬೋಲ್ಟ್ ಬಿಗಿದುಬಿಟ್ಟೆ. ಗಾಡಿ ಇಳಿಸಿ ಓಡಿಸಿದರೆ ಕೀಚ್ ಕೀಚ್. ಬೋಲ್ಟ್ ಸುತ್ತ ಇರುವ ಬುಷ್‌ನ ರಬ್ಬರ್ ನೇತಾಡುವ ಸ್ಥಿತಿಯಲ್ಲೇ ಹಿಡಿದುಕೊಂಡು, ಗಾಡಿ ಇಳಿದಾಗ ತಿರುಚಿಕೊಂಡಿತ್ತು. ಬೋಲ್ಟ್ ಸಡಿಲಿಸಿದ ತಕ್ಷಣ ಬುಷ್ 'ಟುಪ್' ಅಂತ ತನ್ನ ಜಾಗಕ್ಕೆ ಬಂತು. ಆಮೇಲೆ ಚಕ್ರದ ಮೇಲೆ ಗಾಡಿಯ ಭಾರ ಇರುವಾಗಲೇ ಬೋಲ್ಟನ್ನು ಟಾರ್ಕ್ ಅಳತೆಗೆ ಬಿಗಿದೆ.

ಅಲೈನ್‌ಮೆಂಟ್ ಅವತ್ತೇ ಮಾಡಿಸಿದೆ, ಗೋಡೆ ಎದುರು ನಿಲ್ಲಿಸಿ ಹೆಡ್‌ಲೈಟ್ ಇಳಿಸಿದೆ. ಖಾಲಿ ಇದ್ದಾಗ ಹಿಂಭಾಗ ಈಗಲೂ 1 ಇಂಚು ಎತ್ತರವೇ. ಲೋಡ್ ಹಾಕಿದರೆ ಸಮ. ರಾತ್ರಿ ಯಾರೂ ಲೈಟ್ ಹೊಡೆಯುತ್ತಿಲ್ಲ.