ಫಿಟ್ಸ್ ಬರುವುದು ಅಮಾಸೆಗೋ, ಮುಟ್ಟಿಗೋ? ಗುರುತು ಹಾಕಿ ನೋಡಿ

ಶಿರಸಿಯಲ್ಲಿ ನಮ್ಮ ಚಿಕ್ಕಮ್ಮನ ಮಗಳಿಗೆ ಫಿಟ್ಸ್ ಬಂದಾಗಲೆಲ್ಲ ಮನೆಯ ಹಿರಿಯರು ಮೊದಲು ನೋಡುತ್ತಿದ್ದುದು ಪಂಚಾಂಗ. ‘ನಾಡಿದ್ದು ಅಮಾಸೆ, ಅದಕ್ಕೇ’ ಎನ್ನುತ್ತಿದ್ದರು. ‘ಅಮಾಸೆ ಅಲ್ಲ, ನಾನು ಹೊರಗಾಗುವ ಹೊತ್ತು’ ಎಂದು ಅವಳು ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳು ಹೇಳಿದ್ದೇ ಸರಿ ಇತ್ತು. ಅಮಾಸೆಯಿಂದ ಅಮಾಸೆಗೆ ಸುಮಾರು 29.5 ದಿನ. ಅವಳ ಮುಟ್ಟು 27 ದಿನಕ್ಕೊಮ್ಮೆ. ಒಂದೆರಡು ತಿಂಗಳು ಎರಡೂ ಜೊತೆಗೇ ಬಂದಂತೆ ಕಾಣುತ್ತದೆ. ನಾಲ್ಕು ತಿಂಗಳಾಗುವಾಗ ನಡುವೆ ಹತ್ತು ದಿನ ಬಿದ್ದಿರುತ್ತದೆ. ಫಿಟ್ಸ್ ಯಾವುದರ ಬೆನ್ನು ಹಿಡಿದಿದೆ ಎಂದು ಆಗ ಗೊತ್ತಾಗುತ್ತದೆ ಅಲ್ವಾ?

ಕಾರಣ, ಮುಟ್ಟಿನ ಜೊತೆ ಏರಿಳಿಯುವ ಎರಡು ಹಾರ್ಮೋನು. ಈಸ್ಟ್ರೋಜೆನ್ ಸಾಮಾನ್ಯವಾಗಿ ಮಿದುಳಿನ ಕೋಶಗಳನ್ನು ಕೆರಳಿಸುತ್ತದೆ. ಪ್ರೊಜೆಸ್ಟರಾನ್‌ನಿಂದ ದೇಹ ಮಾಡಿಕೊಳ್ಳುವ ಇನ್ನೊಂದು ವಸ್ತು ಅವನ್ನು ಸುಮ್ಮನಿರಿಸುತ್ತದೆ. ಮುಟ್ಟಿನ ಮುಂಚೆ ಪ್ರೊಜೆಸ್ಟರಾನ್ ಸರ್ರನೆ ಇಳಿಯುತ್ತದೆ, ಹಿಡಿತ ತಪ್ಪುತ್ತದೆ. ಅಪಸ್ಮಾರ, ಅಂದರೆ ಫಿಟ್ಸಿನ ಕಾಯಿಲೆ ಇರುವ ಹೆಂಗಸರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಹೀಗಾಗುತ್ತದೆ.

ಮೊದಲು, ಸೊಸೈಟಿಯವರು ಕೊಡುವ ದೊಡ್ಡ ಅಂಕಿಯ ಕ್ಯಾಲೆಂಡರ್ ಇಳಿಸಿಕೊಳ್ಳಿ. ರಕ್ತಸ್ರಾವ ಶುರುವಾದ ದಿನಕ್ಕೆ 1 ಎಂದು ಬರೆಯಿರಿ. ಅದು ಮುಖ್ಯ, ಅಲ್ಲಿಂದಲೇ ಎಣಿಕೆ. ಫಿಟ್ಸ್ ಬಂದ ದಿನ ‘ಫ’ ಎಂದು ಹಾಕಿ, ಪಕ್ಕದಲ್ಲಿ ಹೊತ್ತು ಬರೆಯಿರಿ. ಗುಳಿಗೆ ತಪ್ಪಿದ್ದರೆ, ಜ್ವರ ಇದ್ದರೆ, ರಾತ್ರಿಯಿಡೀ ಯಕ್ಷಗಾನ ನೋಡಿ ನಿದ್ದೆಗೆಟ್ಟಿದ್ದರೆ ಅದನ್ನೂ ಸೇರಿಸಿ. ನಿದ್ದೆಗೇಡಿಗೆ ಬಂದ ಫಿಟ್ಸನ್ನು ಹಾರ್ಮೋನಿನ ತಲೆಗೆ ಕಟ್ಟಬಾರದು. ತನಗೇ ಎಚ್ಚರ ಇರುವುದಿಲ್ಲವಾದ್ದರಿಂದ ಮನೆಯವರೊಬ್ಬರು ಬರೆದರೆ ಒಳ್ಳೆಯದು.

ಮೂರು ಮುಟ್ಟು ಕಳೆದ ಮೇಲೆ ನೋಡಿ. ‘ಫ’ಗಳು ಮುಟ್ಟಿಗೆ ಮೂರು ದಿನ ಮುಂಚೆ ಮತ್ತು ಮುಟ್ಟಿನ ಮೊದಲ ಮೂರು ದಿನಗಳಲ್ಲಿ ಗುಂಪುಗೂಡಿವೆಯೇ? ಹೆಚ್ಚಿನವರಲ್ಲಿ ಕಾಣುವುದು ಇದೇ. ಕೆಲವರಿಗೆ ನಡು ತಿಂಗಳಲ್ಲಿ, ಅಂಡ ಬಿಡುಗಡೆಯಾಗುವ ಹೊತ್ತಿಗೆ ಜಾಸ್ತಿ. ಅಂಡ ಬಿಡುಗಡೆಯೇ ಆಗದ ತಿಂಗಳಲ್ಲಿ ಕೊನೆಯ ಅರ್ಧವಿಡೀ ಕಾಟ ಇರಬಹುದು.

ಕ್ಯಾಲೆಂಡರ್ ಹಿಡಿದು ನರರೋಗ ತಜ್ಞರ ಬಳಿ ಹೋಗಿ. ಕಾರವಾರವೋ, ಹುಬ್ಬಳ್ಳಿಯೋ, ಎಲ್ಲಿ ತೋರಿಸುತ್ತಿದ್ದೀರೋ ಅಲ್ಲಿಗೆ. ಕೆಲವರಿಗೆ ಅಪಾಯದ ಆ ಕೆಲವೇ ದಿನ ಕ್ಲೋಬಜಾಮ್‌ನಂಥ ಗುಳಿಗೆ ಕೊಡುತ್ತಾರೆ. ನೀವೇ ಅಂಗಡಿಯಲ್ಲಿ ಕೇಳಿ ತರುವ ಗುಳಿಗೆ ಅಲ್ಲ ಅದು.

ಮಾರಿಕಾಂಬಾ ಜಾತ್ರೆಗೋ ಮನೆಯ ಪೂಜೆಗೋ ಮುಟ್ಟು ಮುಂದೂಡುವ ಗುಳಿಗೆ ನುಂಗುವವರು ನಮ್ಮಲ್ಲಿ ಬೇಕಾದಷ್ಟು. ಅದೂ ಹಾರ್ಮೋನೇ, ಕೇಳದೆ ನುಂಗಬೇಡಿ. ಫಿಟ್ಸಿಗೆ ಕೊಡುವ ಫೆನಿಟೋಯಿನ್, ಕಾರ್ಬಮಾಜೆಪಿನ್ ತೆಗೆದುಕೊಳ್ಳುವವರಲ್ಲಿ ಗರ್ಭನಿರೋಧಕ ಗುಳಿಗೆ ಸರಿಯಾಗಿ ಕೆಲಸ ಮಾಡದಿರಬಹುದು. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಗುಳಿಗೆಯಾದರೆ ಫಿಟ್ಸಿನ ಇನ್ನೊಂದು ಔಷಧಿ ಲ್ಯಾಮೋಟ್ರಿಜಿನ್‌ನ ಪ್ರಮಾಣವನ್ನೇ ರಕ್ತದಲ್ಲಿ ತಗ್ಗಿಸುತ್ತದೆ. ಫಿಟ್ಸಿಗೇ ಕೊಡುವ ವಾಲ್‌ಪ್ರೋಯೇಟ್ ತೆಗೆದುಕೊಳ್ಳುವವರು ಮಗುವಿನ ಯೋಚನೆ ಬಂದಾಗಲೇ ವೈದ್ಯರಿಗೆ ಹೇಳಬೇಕು, ಹುಟ್ಟುವ ಮಗುವಿಗೆ ಅದರಿಂದ ತೊಂದರೆಯಾಗುವ ಸಾಧ್ಯತೆ ಇದೆ. ಹಾಗಂತ ಯಾವ ಗುಳಿಗೆಯನ್ನೂ ದಿಢೀರನೆ ನಿಲ್ಲಿಸಬಾರದು.

ಗುರುತಿನ ದಿನಗಳಲ್ಲಿ ಒಬ್ಬರೇ ಬಾವಿಕಟ್ಟೆಗೆ, ಹೊಳೆಗೆ ಹೋಗುವುದು ಬೇಡ. ಫಿಟ್ಸ್ ಬಂದರೆ ಪಕ್ಕಕ್ಕೆ ಮಗ್ಗುಲಾಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ. ಕೈಗೆ ಕಬ್ಬಿಣ ಕೊಡುವುದೂ ಸುಮ್ನೆ. 5 ನಿಮಿಷ ದಾಟಿದರೆ ಆಸ್ಪತ್ರೆಗೆ.

ಅಂದಹಾಗೆ, ತಿಂಗಳಿಗೊಮ್ಮೆ ಆ ಹಾಳೆಯ ಫೋಟೊ ತೆಗೆದಿಟ್ಟುಕೊಳ್ಳಿ. ನಮ್ಮ ಹುಡುಗಿಯ ಮೊದಲ ವರ್ಷದ ಲೆಕ್ಕವೆಲ್ಲ ಜನವರಿ 1ಕ್ಕೆ ಬಚ್ಚಲ ಒಲೆ ಸೇರಿತ್ತು.